ಇನ್ನೊಂದು ತುದಿ ಹಿಡಿದವಳು

ನನ್ನ ಬಲ ಪಕ್ಕೆಯಿಂದ ಒಂದು ನಳಿಕೆ ಹೊರಗೆ ಬಂದಿದೆ. ಪೆನ್ಸಿಲ್ಲಿಗಿಂತ ಸಪೂರ, ಉದ್ದ ಒಂದು ಗೇಣು. ದಿನ ಬಿಟ್ಟು ದಿನ, ಬೆಳಗಿನ ಕಾಫಿ ಆದ ಮೇಲೆ ನನ್ನ ಗಂಡ ಮೊಣಕೈವರೆಗೆ ಕೈ ತೊಳೆದು, ಕನ್ನಡಕ ಏರಿಸಿ, ಅದರ ಮುಚ್ಚಳ ಬಿಚ್ಚಿ ಬಾಟಲಿಗೆ ಸಿಕ್ಕಿಸುತ್ತಾರೆ. ತೆಳು ಚಹಾದ ಬಣ್ಣದ ನೀರು ಇಳಿಯುತ್ತದೆ. ಅರ್ಧ ಲೀಟರ್ ಇಳಿಯುವ ಹೊತ್ತಿಗೆ ಒಣಕೆಮ್ಮು ಬರುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ಅರ್ಧ ದಿನ ಉಸಿರು ಹಗುರ. ಆ ಅರ್ಧ ದಿನದಲ್ಲಿ ನಾನು ಅಡುಗೆ ಮಾಡುತ್ತೇನೆ, ನೆಲ ಒರೆಸುತ್ತೇನೆ, ಮೇಲಿನ ಕಪಾಟಿನಿಂದ ಏನಾದರೂ ಇಳಿಸುವುದಿದ್ದರೆ ಇಳಿಸಿಕೊಳ್ಳುತ್ತೇನೆ. ಉಳಿದ ಒಂದೂವರೆ ದಿನ ಕೂತು ಮಾಡುವ ಕೆಲಸ: ತರಕಾರಿ ಹೆಚ್ಚುವುದು, ಅಂಗಿಗೆ ಗುಂಡಿ ಹೊಲಿಯುವುದು, ಗಂಡನನ್ನು ಬೈಯುವುದು.

"ಇಪ್ಪತ್ತೆರಡು ವರ್ಷ ಶೀಟು ಕೊಯ್ದವನು ನಾನು," ಅನ್ನುತ್ತಾರೆ ಅವರು, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ರೋಗ ಬಂದದ್ದು ನಿನಗೆ. ಟಪಾಲಿನವನು ಮನೆ ತಪ್ಪಿ ಕೊಟ್ಟ ಹಾಗಾಯ್ತು."

"ಟಪಾಲಿನವನು ಯಾಕೆ? ನೀವೇ ದಿನಾ ಹೊತ್ತು ತಂದು ಕೈಗೆ ಕೊಟ್ಟಿರಿ."

ಇಬ್ಬರೂ ನಗುತ್ತೇವೆ. ನಕ್ಕರೆ ಪಕ್ಕೆಯಲ್ಲಿ ಸೂಜಿ ಚುಚ್ಚುತ್ತದೆ. ಚುಚ್ಚಿಕೊಳ್ಳಲಿ. ನಗುವುದನ್ನೂ ಅದಕ್ಕೆ ಬಿಟ್ಟುಕೊಟ್ಟರೆ ನಾನು ಇನ್ನೇನು ಇಟ್ಟುಕೊಳ್ಳಲಿ?

ಎದೆರೋಗದ ಡಾಕ್ಟರಮ್ಮ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಮೊದಲ ದಿನ ಅವಳು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದ್ದಳು. ಶ್ವಾಸಕೋಶಕ್ಕೆ ಈರುಳ್ಳಿಗೆ ಇರುವಂಥ ತೆಳ್ಳನೆ ಪೊರೆ ಇರುತ್ತದಂತೆ, ಒಂದರ ಮೇಲೊಂದು ಎರಡು. ನಡುವೆ ಒಂದು ಚಮಚದಷ್ಟು ತೇವ. ಉಸಿರು ಎಳೆದಾಗ ಒಂದು ಇನ್ನೊಂದರ ಮೇಲೆ ಸದ್ದಿಲ್ಲದೆ ಜಾರುತ್ತದೆ. ನನ್ನದರಲ್ಲಿ ಆ ಪೊರೆಯ ಮೇಲೇ ಗಂಟುಗಳು ಎದ್ದಿವೆ, ಪೊರೆ ತೊಗಲಿನ ಹಾಗೆ ದಪ್ಪಗಾಗಿದೆ, ಚಮಚದ ಜಾಗದಲ್ಲಿ ಲೀಟರುಗಟ್ಟಲೆ ನೀರು. ಒಳಗಿನ ಶ್ವಾಸಕೋಶ ಅರಳಲು ಜಾಗ ಸಾಲದೆ ಮುದುರಿ ಕೂತಿದೆ. ರೋಗದ ಹೆಸರು ಮೀಸೋಥೀಲಿಯೋಮಾ, ಆ ಪೊರೆಗೆ ಬರುವ ಕ್ಯಾನ್ಸರು. ಬಹಳ ಅಪರೂಪದ್ದು ಅಂದಳು.

"ಇದು ಕಲ್ನಾರಿನಿಂದ, ಅಂದರೆ ಆಸ್ಬೆಸ್ಟಾಸಿನಿಂದ ಬರುತ್ತೆ, ಅಮ್ಮ. ಒಳಗೆ ಹೋದ ಎಳೆ ಮೂವತ್ತು, ನಲವತ್ತು ವರ್ಷ ಸುಮ್ಮನೆ ಕೂತಿರುತ್ತೆ. ನೀವು ಯಾವ ಕಾರ್ಖಾನೆಯಲ್ಲಿದ್ರಿ?"

"ನಾನೆಲ್ಲೂ ಇರಲಿಲ್ಲ. ಮನೇಲಿದ್ದೆ."

"ಮನೆಯವರು?"

ನನ್ನ ಗಂಡ ಗೋಡೆಯ ಕಡೆ ನೋಡುತ್ತ, "ಕಲ್ನಾರಿನ ಶೀಟು ಮಾಡೋ ಕಾರ್ಖಾನೆ. ಕೊಯ್ಯೋ ವಿಭಾಗ," ಅಂದರು. ಅವರ ಎದೆಯ ಚಿತ್ರವನ್ನೂ ಅಂದೇ ತೆಗೆಸಿದರು. ಎತ್ತಿನ ಎದೆ, ಒಂದು ಚುಕ್ಕಿ ಇಲ್ಲ. ಅವರು ಆ ಚಿತ್ರ ನೋಡಿ ಅತ್ತರು. ತನಗೇನೂ ಆಗಿಲ್ಲ ಅಂತ ಅಳುವ ಗಂಡಸನ್ನು ನಾನು ಕಂಡದ್ದು ಅದೇ ಮೊದಲು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದಳು. "ಅವರ ಬಟ್ಟೆ ಯಾರು ಒಗೀತಿದ್ರು?"

ಆ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ಸಾಲುಮನೆಗಳ ಕಥೆ ಹೇಳಬೇಕು.

ಕಾರ್ಖಾನೆಯ ಗೋಡೆಗೆ ಒತ್ತಿಕೊಂಡು ಹದಿನಾಲ್ಕು ಮನೆಗಳು. ಎಲ್ಲದಕ್ಕೂ ಹಿಂದೆ ಒಂದೇ ಚರಂಡಿ. ಗಂಡಸರು ಸಂಜೆ ಬಂದರೆ ತಲೆಯಿಂದ ಬೂಟಿನವರೆಗೆ ಬಿಳಿ, ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ. ಆ ಬಟ್ಟೆಯನ್ನು ಹಾಗೇ ನೀರಿಗೆ ಹಾಕಿದರೆ ಧೂಳು ಕೆಸರಾಗಿ ಚರಂಡಿಗೆ ಇಳಿಯುತ್ತಿತ್ತು. ಬರೀ ಕೆಸರಾದರೆ ಪರವಾಗಿಲ್ಲ, ಅದರಲ್ಲಿ ಸಿಮೆಂಟು ಬೆರೆತಿತ್ತು. ಎರಡು ದಿನ ಬಿಟ್ಟು ನೋಡಿದರೆ ಕಲ್ಲು. ಹದಿನಾಲ್ಕು ಮನೆಯ ಕೊಳಕು ನೀರು ಹಿತ್ತಲಲ್ಲಿ ಕೆರೆಯಾಗುತ್ತಿತ್ತು. ಅದಕ್ಕೇ ನಮ್ಮ ಸಾಲಿನಲ್ಲಿ ಕಟ್ಟುನಿಟ್ಟು: ಒಗೆಯುವ ಮುಂಚೆ ಕೊಡವಬೇಕು. ಒಂದು ಸಲ, ಎರಡು ಸಲ ಅಲ್ಲ. ಧೂಳು ಏಳುವುದು ನಿಲ್ಲುವವರೆಗೆ.

ಕೊಡವುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅಂಗಿಯ ಎರಡೂ ಭುಜ ಹಿಡಿದು ತಲೆಯ ಮೇಲಿಂದ ಬೀಸಿ ಹೊಡೆದರೆ ಫಟ್ ಅನ್ನುವ ಸದ್ದು ಕಾರ್ಖಾನೆಯ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆ ನಾನೇ ಕಲಿಸಿದ್ದು. ಜೇಬು ತಿರುಗಿಸಿ ಕೊಡವು, ಕಾಲರಿನ ಒಳಗೆ ಬ್ರಶ್ ಹಾಕು, ಗಾಳಿಗೆ ಬೆನ್ನು ಮಾಡಿ ನಿಲ್ಲು. ಚರಂಡಿ ಕಟ್ಟಿದರೆ ಯಾರ ಮನೆಯದೆಂದು ಕಡ್ಡಿ ಹಾಕಿ ಹುಡುಕುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು "ಚರಂಡಿ ಇನ್ಸ್‌ಪೆಕ್ಟರ್" ಅನ್ನುತ್ತಿದ್ದರು. ನನಗೆ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು. ನಾಲ್ಕನೇ ಮನೆಯವಳು ಒಬ್ಬಳೇ ಕೊಡವದೆ ಬಕೆಟ್ಟಿಗೆ ಮುಳುಗಿಸಿಬಿಡುತ್ತಿದ್ದಳು. ಅವಳನ್ನು ಸೋಮಾರಿ, ಕೊಳಕಿ ಅಂತ ಎಷ್ಟು ಬೈದಿದ್ದೇನೋ! ಅವಳಿಗೀಗ ಎಪ್ಪತ್ತೈದು. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾಳೆ.

ಕೊಯ್ಯುವ ವಿಭಾಗದವರ ಪ್ಯಾಂಟು ದಪ್ಪ ಕ್ಯಾನ್ವಾಸಿನದು. ಅದನ್ನು ಒಬ್ಬರೇ ಕೊಡವಲು ಆಗುವುದಿಲ್ಲ. ಸೊಂಟದ ಕಡೆ ನಾನು ಹಿಡಿಯುತ್ತಿದ್ದೆ. ಕಾಲಿನ ಕಡೆ ನನ್ನ ಮಗಳು. ಶುರುವಾದಾಗ ಅವಳಿಗೆ ಐದು ವರ್ಷ. "ಹಿಡಿದ್ಯಾ? ಬಿಡಬೇಡ. ಒಂದು, ಎರಡು, ಹೂಂ!" ಅಂದರೆ ಅವಳು ಕಣ್ಣು ಮುಚ್ಚಿ, ಬಾಯಿ ತೆರೆದು ನಗುತ್ತ ಎರಡೂ ಕೈಯಿಂದ ಎಳೆಯುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಬಿಳಿ. "ಅಮ್ಮಾ, ನಾನು ಅಜ್ಜಿ ಆದೆ!" ಅಂತ ಕುಣಿಯುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಚುರುಕಾಗಿದ್ದಳು, ಅದಕ್ಕೇ ಮನೆಯಲ್ಲಿ ಅವಳನ್ನು ಚೂಟಿ ಅಂತಲೇ ಕರೆಯುತ್ತಿದ್ದೆವು. ಈಗಲೂ ಹಾಗೇ ಕರೆಯುತ್ತೇವೆ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಡಾಕ್ಟರಮ್ಮ ಪೆನ್ನು ಮತ್ತೆ ಎತ್ತಿಕೊಂಡಳು. ಆಮೇಲೆ, "ಮಗಳಿಗೀಗ ಎಷ್ಟು ವಯಸ್ಸು?" ಅಂದಳು.

"ನಲವತ್ತೊಂದು."

"ಉಸಿರಿನ ತೊಂದರೆ?"

"ಸಿಟಿ ಬಸ್ಸು ಓಡಿಸ್ತಾಳೆ. ಅವಳು ಬೈದರೆ ಮೂರು ಸಿಗ್ನಲ್ ಆಚೆಗೆ ಕೇಳುತ್ತೆ."

"ಒಳ್ಳೇದು. ಆದರೂ ಅವಳನ್ನು ಪ್ರತಿವರ್ಷ ನೋಡ್ತಿರಬೇಕು. ಬರುತ್ತೆ ಅಂತಲ್ಲ. ಬಹಳ ಜನಕ್ಕೆ ಏನೂ ಆಗೋದಿಲ್ಲ. ಬಂದರೆ ಬೇಗ ಗೊತ್ತಾಗಬೇಕು, ಅಷ್ಟೇ. ನಿಮ್ಮದು ತಡವಾಗಿ ಸಿಕ್ಕಿತು."

ಆದರೆ ಆರಾಮಾಗಿರುವವರಿಗೆ ಆಸ್ಪತ್ರೆಯವರು ಸುಮ್ಮನೆ ವರ್ಷ ವರ್ಷ ಸ್ಕ್ಯಾನ್ ಮಾಡುವುದಿಲ್ಲ. ಅದಕ್ಕೊಂದು ಪಟ್ಟಿ ಇದೆ. ಕಾರ್ಖಾನೆ ಮುಚ್ಚಿದ ಮೇಲೆ ನ್ಯಾಯಾಲಯದ ಆದೇಶದಿಂದ ಬಂದದ್ದು. ಪಟ್ಟಿಯಲ್ಲಿ ಹೆಸರಿದ್ದವರನ್ನು ಪ್ರತಿವರ್ಷ ಕರೆದು ಎದೆ ನೋಡುತ್ತಾರೆ, ಜೀವ ಇರುವವರೆಗೆ. ನನ್ನ ಗಂಡನ ಹೆಸರಿದೆ. ಕಾವಲುಗಾರನ ಹೆಸರಿದೆ. ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಿದ್ದವನ ಹೆಸರಿದೆ. ಬಟ್ಟೆ ಒಗೆದವರದು ಒಂದೂ ಇಲ್ಲ. ಪಟ್ಟಿಯ ಬಗ್ಗೆ ತಕರಾರಿದ್ದವರು ಬರಬಹುದು, ಅಧಿಕಾರಿಯೊಬ್ಬರು ಮೂರು ದಿನ ಊರ ಗ್ರಂಥಾಲಯದಲ್ಲಿ ಕೂರುತ್ತಾರೆ ಅಂತ ಪತ್ರಿಕೆಯಲ್ಲಿ ಬಂದಿತ್ತು. ಪಟ್ಟಿ ಮುಚ್ಚುವ ಮುಂಚೆ ಅದೇ ಕೊನೆಯ ಅವಕಾಶ.

"ನಾನು ಹೋಗ್ತೀನಿ," ಅಂದೆ. ಭಾನುವಾರ ಮಧ್ಯಾಹ್ನ. ಚೂಟಿ ನನ್ನ ನಳಿಕೆಯ ಸುತ್ತಲಿನ ಬ್ಯಾಂಡೇಜು ಬದಲಾಯಿಸುತ್ತಿದ್ದಳು. ಅವಳ ಕೈ ನಿಂತಿತು.

"ನಿನ್ನ ಹೆಸರು ಬರೆಸಿಕೋ. ನನ್ನ ವಿಷಯ ಎತ್ತಬೇಡ."

"ಯಾಕೇ?"

"ಪಟ್ಟಿ ಹೊರಗೆ ಅಂಟಿಸ್ತಾರಮ್ಮ. ಡಿಪೋದಲ್ಲಿ ಯಾರಾದರೂ ನೋಡೇ ನೋಡ್ತಾರೆ. ಹೋದ ವರ್ಷ ಒಬ್ಬನಿಗೆ ಒಂದೇ ಸಲ ತಲೆ ಸುತ್ತಿತು. ಅವನನ್ನು ಸ್ಟೀರಿಂಗಿನಿಂದ ಇಳಿಸಿ ಟಿಕೆಟ್ ಎಣಿಸೋಕೆ ಕೂರಿಸಿದರು. ಇವತ್ತಿಗೂ ಎಣಿಸ್ತಿದ್ದಾನೆ. ನಾನು ಹದಿನಾರು ವರ್ಷದಿಂದ ಓಡಿಸ್ತಿದ್ದೀನಿ. ನನಗೆ ಬೇರೇನೂ ಬರಲ್ಲ. ಬೇರೇನೂ ಬೇಕಾಗೂ ಇಲ್ಲ."

"ಸ್ಕ್ಯಾನ್ ಮಾಡಿಸಿದರೆ ಏನು ಹೋಗುತ್ತೆ?"

"ನಿನ್ನನ್ನು ದಿನಾ ನೋಡ್ತಿದ್ದೀನಲ್ಲಮ್ಮ." ಅವಳು ಅಂಟುಪಟ್ಟಿಯನ್ನು ಹಲ್ಲಿನಿಂದ ಕತ್ತರಿಸಿದಳು. "ನನ್ನೊಳಗೂ ಇದೆಯಾ ಅಂತ ತಿಳ್ಕೊಂಡು ಆ ಬಸ್ಸಲ್ಲಿ ಕೂರೋಕೆ ನನಗಾಗಲ್ಲ. ಮಾತು ಕೊಡು."

ಅವಳ ಕೈ ಬೆಚ್ಚಗಿತ್ತು. ಚಿಕ್ಕವಳಿದ್ದಾಗ ಜ್ವರ ಬಂದರೆ ಆಗುತ್ತಿದ್ದ ಹಾಗೆ ಅವಳ ಕಣ್ಣು ಮಂಕಾಗಿತ್ತು. ಮಾತು ಕೊಟ್ಟೆ. ಕೊಡುವಾಗ ನಿಜವಾಗಿಯೇ ಕೊಟ್ಟೆ.

ನನ್ನ ಗಂಡ ಯಾವ ಕಾಗದವನ್ನೂ ಎಸೆಯುವವರಲ್ಲ. ಹಳೆಯ ರೇಡಿಯೋದ ಗ್ಯಾರಂಟಿ ಚೀಟಿ ಇದೆ, ರೇಡಿಯೋ ಇಲ್ಲ. ಮಂಚದ ಕೆಳಗಿನ ಟ್ರಂಕನ್ನು ಎರಡು ದಿನ ಕೆದಕಿ, ತಲೆಯ ತುಂಬ ಜೇಡರಬಲೆ ಹೊತ್ತುಕೊಂಡು ಅಡುಗೆಮನೆಗೆ ಬಂದರು. ಕೈಯಲ್ಲಿ ತೆಳ್ಳನೆ ಹಸಿರು ಪುಸ್ತಿಕೆ.

"ಮನೆ ಕೊಟ್ಟಾಗ ಇದನ್ನು ಕೊಟ್ಟಿದ್ದರು. ಒಂಬತ್ತನೇದು ಓದು."

ನಿಂತಲ್ಲೇ ಓದಿದೆ. ಕುರ್ಚಿಯಲ್ಲಿ ಕೂತು ಇನ್ನೊಮ್ಮೆ ಓದಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ನನ್ನ ಜೀವಮಾನದಲ್ಲಿ ಹಾಲು ಉಕ್ಕಿದ್ದು ನೋಡಿಯೂ ಎದ್ದು ಹೋಗದಿದ್ದದ್ದು ಅದೊಂದೇ ಸಲ.

ಗ್ರಂಥಾಲಯದ ಓದುವ ಕೋಣೆ ಮೊದಲ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಮೂವತ್ತೊಂದು ಮೆಟ್ಟಿಲು. ಬೆಳಿಗ್ಗೆ ನೀರು ಇಳಿಸಿಕೊಂಡೇ ಹೊರಟಿದ್ದೆ, ಆದರೂ ನಾಲ್ಕು ಮೆಟ್ಟಿಲಿಗೆ ಒಂದು ಸಲ ಕಂಬಿ ಹಿಡಿದು ನಿಲ್ಲಬೇಕಾಯಿತು. ಎದೆಯ ಬಲಭಾಗ ಬಾಗಿಲು ಹಾಕಿಕೊಂಡ ಕೋಣೆಯ ಹಾಗೆ. ಎಷ್ಟು ಎಳೆದರೂ ಗಾಳಿ ಹೊಸ್ತಿಲಿಂದಲೇ ವಾಪಸು.

"ಹೊತ್ತುಕೊಂಡು ಹೋಗ್ಲೇನೇ?" ಅಂದರು ನನ್ನ ಗಂಡ.

"ನೀವು ಹೊತ್ತದ್ದು ಸಾಕು. ಸುಮ್ಮನೆ ಬನ್ನಿ."

ಉದ್ದ ಮೇಜಿನ ಆಚೆ ಅಧಿಕಾರಿ. ಬಡಕಲು ದೇಹ, ನೆಗಡಿ, ಕೊರಳಿಗೆ ಮಫ್ಲರು, ಎದುರಿಗೆ ದಪ್ಪ ದಾಖಲೆ ಪುಸ್ತಕ, ಅರ್ಜಿಗಳ ಕಟ್ಟು. ಪಕ್ಕದಲ್ಲಿ ಕಂಪನಿಯ ಪರವಾಗಿ ಒಬ್ಬ ವಕೀಲ. ಹಿಂದೆ ಇಪ್ಪತ್ತು ಮೂವತ್ತು ಕುರ್ಚಿ, ಅರ್ಧ ತುಂಬಿತ್ತು.

"ಯಾವ ವಿಭಾಗ ತಾಯಿ?"

"ಬಟ್ಟೆ."

ಅಧಿಕಾರಿ ಹಾಳೆ ತಿರುಗಿಸಿದರು. "ಬಟ್ಟೆ ವಿಭಾಗ ಅಂತ ಇರಲಿಲ್ಲವಲ್ಲ."

"ಇತ್ತು. ನಮ್ಮ ಹಿತ್ತಲಲ್ಲಿ."

ಯಾರೋ ಕಿಸಕ್ಕನೆ ನಕ್ಕರು. ನಾನು ಒಂದು ಉಸಿರಿಗೆ ನಾಲ್ಕೈದು ಮಾತು ಆಡಬಲ್ಲೆ, ಅದಕ್ಕಿಂತ ಹೆಚ್ಚಿಲ್ಲ. ಅಷ್ಟು ಆಡಿ, ನಿಂತು, ಎಳೆದುಕೊಂಡು, ಮತ್ತೆ ಅಷ್ಟು. ಅಧಿಕಾರಿಗೆ ಅದನ್ನು ನೋಡಿ ಕಸಿವಿಸಿಯಾಯಿತು.

"ಕಷ್ಟಪಡಬೇಡಿ. ಬರೆದು ಕೊಟ್ಟು ಹೋಗಿ. ನಾನು ಓದ್ತೀನಿ."

"ಬರೆದದ್ದನ್ನು ನೀವು... ಆ ಕಟ್ಟಿನ ಕೆಳಗೆ ಇಡ್ತೀರಿ. ನಾನು ಹೇಳ್ತೀನಿ. ನೀವು ಇರೋದು... ನಾಲ್ಕು ಗಂಟೆವರೆಗೆ ತಾನೆ? ನಾನೂ ಇರ್ತೀನಿ."

ಹೇಳಿದೆ. ಚರಂಡಿ, ಕೆಸರು, ಕಲ್ಲು, ಕೊಡವಿದ್ದು. ಮುಗಿಸಲು ಕಾಲು ಗಂಟೆ ಹಿಡಿಯಿತು. ಗಟ್ಟಿಯಾಗಿದ್ದವರಿಗೆ ಅದು ಎರಡು ನಿಮಿಷದ ಮಾತು. ನಡುವೆ ಒಮ್ಮೆ ಕೆಮ್ಮು ಬಂದು ಕಣ್ಣು ಕತ್ತಲಿಟ್ಟಿತು. ನನ್ನ ಗಂಡ ಎದ್ದು ಬಂದರು. ಕೈ ತೋರಿಸಿ ಕೂರಿಸಿದೆ.

ವಕೀಲ ಮೆತ್ತಗೆ, ಮರ್ಯಾದೆಯಿಂದಲೇ ಮಾತಾಡಿದ. "ಇವರ ಕಾಯಿಲೆ ಬಗ್ಗೆ ನಮಗೂ ಬೇಸರ ಇದೆ. ಆದರೆ ಬಟ್ಟೆ ಒಗೆಯೋದು ಮನೆಗೆಲಸ. ಲೋಕದಲ್ಲಿ ಎಲ್ಲರ ಮನೆಯಲ್ಲೂ ಒಗೀತಾರೆ. ಅದಕ್ಕೂ ಕಾರ್ಖಾನೆಗೂ ಏನು ಸಂಬಂಧ?"

"ನಿಮ್ಮ ಮನೆಯಲ್ಲಿ... ಯಾರಪ್ಪ ಒಗೆಯೋದು?"

"ಮಷೀನು," ಅಂದ. ಹಿಂದಿನ ಸಾಲಿನವರು ಗೊಳ್ಳೆಂದರು. ಅವನೂ ನಕ್ಕ.

"ಹೇಗೆ ಒಗೆಯಬೇಕು ಅಂತ... ನಿಮ್ಮ ಆಫೀಸಿನವರು... ಮನೆಗೆ ಬರೆದು ಕಳಿಸಿದ್ದಾರಾ?"

"ಇಲ್ಲ. ಅವರ್ಯಾಕೆ ಕಳಿಸ್ತಾರೆ?"

"ನಮ್ಮವರು ಕಳಿಸಿದ್ದರು."

ಹಸಿರು ಪುಸ್ತಿಕೆಯನ್ನು ಅಧಿಕಾರಿಯ ಮುಂದಿಟ್ಟೆ. ಅವರು ಮೂಗು ಒರೆಸಿಕೊಂಡು ಒಂಬತ್ತನೇ ನಿಯಮವನ್ನು ಗಟ್ಟಿಯಾಗಿ ಓದಿದರು. "ಕಾರ್ಖಾನೆಯ ಉಡುಪನ್ನು ನೆನೆಹಾಕುವ ಮುನ್ನ ಮನೆಯ ಹೊರಗೆ, ಧೂಳು ಪೂರ್ತಿ ಹೋಗುವವರೆಗೆ ಕೊಡವತಕ್ಕದ್ದು. ತಪ್ಪಿದಲ್ಲಿ ವಸತಿಯನ್ನು ಹಿಂತೆಗೆದುಕೊಳ್ಳಲಾಗುವುದು." ಓದಿ, ಕೆಳಗಿದ್ದ ಕಂಪನಿಯ ಮುದ್ರೆಯನ್ನು ನೋಡಿದರು. ವಕೀಲನ ಕಡೆಗೆ ಸರಿಸಿದರು.

ನಾನು ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತೆ. "ಕೊಡವದಿದ್ದರೆ... ಮನೆಯಿಂದ ಹೊರಗೆ ಹಾಕ್ತೀವಿ ಅಂದವರು ನೀವು. ಪ್ರತಿ ಶನಿವಾರ ನಿಮ್ಮ ಮೇಸ್ತ್ರಿ... ಚರಂಡಿಗೆ ಬಗ್ಗಿ ನೋಡ್ತಿದ್ದ. ಕೊಡವಿದ್ದೀವಿ. ಹದಿನಾರು ವರ್ಷ. ಬಾಣಂತಿಯಾಗಿದ್ದಾಗಲೂ... ಹತ್ತನೇ ದಿನಕ್ಕೆ ಎದ್ದು ಕೊಡವಿದ್ದೀನಿ. ಆಗ ನಾವು ನಿಮ್ಮ ಮಾತು ಕೇಳಬೇಕಾದವರು. ಈಗ ನಮಗೂ ನಿಮಗೂ... ಸಂಬಂಧ ಇಲ್ಲ. ಹೌದಾ?"

"ಅದು ಚರಂಡಿಯ ಸ್ವಚ್ಛತೆಗೆ ಮಾಡಿದ ನಿಯಮ..." ವಕೀಲ ಶುರುಮಾಡಿದ.

"ಚರಂಡಿಗೆ ಹೋಗಬಾರದು ಅಂತ ಗೊತ್ತಿತ್ತು. ನಮ್ಮ ಮೂಗಿಗೆ ಹೋಗಬಹುದಾ?"

ವಕೀಲ ಪುಸ್ತಿಕೆಯ ಮೊದಲ ಪುಟಕ್ಕೆ ತಿರುಗಿಸಿ ಅಲ್ಲೇನೋ ಇದೆ ಎಂಬಂತೆ ಓದತೊಡಗಿದ. ನನಗೆ ಅವನ ಮೇಲೆ ಕೋಪವೇನೂ ಇರಲಿಲ್ಲ. ಚೂಟಿಗಿಂತ ಚಿಕ್ಕವನು. ಆ ನಿಯಮ ಬರೆದಾಗ ಹುಟ್ಟಿರಲೂ ಇಲ್ಲ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ನೋಡಿ ತಾಯಿ. ಸಾಲುಮನೆಗಳಲ್ಲಿ ಇದ್ದವರನ್ನೆಲ್ಲ ಬರೆಯೋಕೆ ನನಗೆ ಅಧಿಕಾರ ಇಲ್ಲ. ಆದರೆ ಈ ನಿಯಮದ ಪ್ರಕಾರ ಕೊಡವಿದವರು ಕಂಪನಿಯ ಅಪ್ಪಣೆ ಮೇಲೆ ಕೆಲಸ ಮಾಡಿದ ಹಾಗೆ. ಅವರನ್ನು ನಾನು ಬರೆಯಬಲ್ಲೆ. ಕೈಯಾರೆ ಕೊಡವಿದವರನ್ನು ಮಾತ್ರ. ಹೇಳಿ."

ಹೇಳಿದೆ. ಒಂದನೇ ಮನೆಯಿಂದ ಹದಿನಾಲ್ಕರವರೆಗೆ, ಯಾರು ಬದುಕಿದ್ದಾರೆ, ಈಗ ಎಲ್ಲಿದ್ದಾರೆ ಎಲ್ಲ. ನಾನೇ ಕಲಿಸಿದವರು, ಒಬ್ಬೊಬ್ಬರ ಕೈಯ ಬೀಸೂ ನೆನಪಿದೆ. ನಾಲ್ಕನೇ ಮನೆಯವಳದು ಬರೆಯಬೇಡಿ, ಅವಳು ಕೊಡವಿದವಳಲ್ಲ, ಬೇಕಾದರೆ ಸೋಮಾರಿತನಕ್ಕೆ ಒಂದು ಪದಕ ಕೊಡಿ ಅಂದೆ. ಅಧಿಕಾರಿ ನಗೆ ತಡೆಯಲು ಹೋಗಿ ಸೀನಿದರು.

"ಆಯ್ತಾ? ನಿಮ್ಮ ಮನೆಯಿಂದ ನೀವೊಬ್ಬರೇನಾ?"

ಆಗಲೇ ನಾನು ಬಾಗಿಲ ಕಡೆ ನೋಡಿದ್ದು. ಚೂಟಿ ಬಂದು ನಿಂತಿದ್ದಳು. ನೀಲಿ ಸಮವಸ್ತ್ರ, ತೋಳಿನ ಕೆಳಗೆ ಮಡಚಿದ ಟೋಪಿ. ಪಾಳಿ ಮುಗಿಸಿ ನನ್ನನ್ನು ಕರೆದುಕೊಂಡು ಹೋಗಲು ಬಂದವಳು. ಎಷ್ಟು ಹೊತ್ತಿನಿಂದ ಇದ್ದಳೋ. ಅವಳು ಬಹಳ ನಿಧಾನವಾಗಿ ತಲೆ ಅಲ್ಲಾಡಿಸಿದಳು. ಬೇಡ.

ಅಧಿಕಾರಿಯ ಪೆನ್ನು ಕಾಯುತ್ತಿತ್ತು. ನನ್ನ ಮಗಳಿಗೆ ನಾನು ಸುಳ್ಳು ಹೇಳಿದವಳಲ್ಲ. ಇಂಜೆಕ್ಷನ್ ನೋಯುವುದಿಲ್ಲ ಅಂತ ಕೂಡ ಹೇಳಿರಲಿಲ್ಲ. ಕೊಟ್ಟ ಮಾತು ಮುರಿದದ್ದೂ ಇಲ್ಲ. ಅವಳು ಒಂದೇ ಒಂದು ಕೇಳಿದ್ದಳು. ಅದನ್ನು ಕೊಡುವುದು ಎಷ್ಟು ಸುಲಭವಿತ್ತು! "ಹೂಂ, ನಾನೊಬ್ಬಳೇ" ಅಂದರೆ ಮುಗಿಯಿತು. ಒಂದೇ ಉಸಿರಿನ ಮಾತು.

ಆದರೆ ಆ ಪ್ಯಾಂಟಿನ ಕಾಲನ್ನು ಅವಳ ಕೈಗೆ ಕೊಟ್ಟವಳು ನಾನು. ಬಿಡಬೇಡ ಅಂದವಳೂ ನಾನೇ.

"ಇಲ್ಲ," ಅಂದೆ. "ಇಬ್ಬರು. ಪ್ಯಾಂಟು ಒಬ್ಬರಿಂದ ಆಗಲ್ಲ. ಇನ್ನೊಂದು ತುದಿ... ನನ್ನ ಮಗಳು ಹಿಡೀತಿದ್ದಳು. ಐದರಿಂದ ಹನ್ನೊಂದರವರೆಗೆ. ಅಲ್ಲಿ ನಿಂತಿದ್ದಾಳೆ. ಬರ್ಕೊಳ್ಳಿ."

ಅವಳ ಹೆಸರು ಹೇಳಿದೆ. ಹುಟ್ಟಿದ ತಾರೀಕು ಹೇಳಿದೆ. ಪೆನ್ನು ಓಡಿತು. ತಿರುಗಿ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಸಿಕ್ಕಿದಳು. ಗೋಡೆಗೆ ಒರಗಿ ನಿಂತಿದ್ದಳು, ಮುಖ ಕೆಂಪಗೆ.

"ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ಮುರಿದೆ."

"ಅಷ್ಟು ಸುಲಭವಾಗಿ ಹೇಳ್ತೀಯಲ್ಲಮ್ಮ! ನನ್ನ ಕೆಲಸ, ನನ್ನ ಎದೆ, ನನ್ನ ಹೆಸರು. ನಿನಗೇನು ಹಕ್ಕಿತ್ತು?"

"ಹಕ್ಕು ಇರಲಿಲ್ಲ."

"ಮತ್ತೆ?"

"ಮತ್ತೇನೂ ಇಲ್ಲ. ಹೇಳಿದೆ. ನಾಳೆ ಕೇಳಿದರೂ ಹೇಳ್ತೀನಿ."

"ಇದನ್ನು ನಾನು ಮರೆಯಲ್ಲ."

"ಮರೀಬೇಡ. ನಲವತ್ತು ವರ್ಷ ಸಿಟ್ಟಿಟ್ಟುಕೋ. ಅದಕ್ಕೆ ನೀನು... ನಲವತ್ತು ವರ್ಷ ಇರಬೇಕಲ್ಲ. ನನಗೆ ಅಷ್ಟು ಸಾಕು."

ಅವಳು ನನ್ನ ಕೈಯಿಂದ ಚೀಲ ಕಿತ್ತುಕೊಂಡು ಮುಂದೆ ಇಳಿಯತೊಡಗಿದಳು. ಒಂದೇ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಆದರೆ ನಾಲ್ಕು ಮೆಟ್ಟಿಲು ಇಳಿದು ನಿಲ್ಲುತ್ತಿದ್ದಳು, ನನ್ನ ಉಸಿರಿನ ಸದ್ದು ಸಮವಾಗುವವರೆಗೆ. ಆಮೇಲೆ ಮತ್ತೆ ನಾಲ್ಕು. ನನ್ನ ಗಂಡ ನಮ್ಮಿಬ್ಬರ ನಡುವೆ, ಯಾರ ಪಕ್ಷ ವಹಿಸಬೇಕೋ ತಿಳಿಯದೆ, ಕಂಬಿಯನ್ನು ಸವರಿಕೊಂಡು ಇಳಿದರು.

ಹನ್ನೊಂದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಅಪ್ಪನಿಗೆ ಫೋನು ಮಾಡುತ್ತಿದ್ದಳು. ಪಕ್ಕದಲ್ಲೇ ಕೂತ ನನಗೆ ಎಲ್ಲ ಕೇಳುತ್ತಿತ್ತು.

"ಇವತ್ತು ಎಷ್ಟು ಇಳೀತಪ್ಪಾ?"

"ನಾನೂರು ಮಿಲಿ."

"ಬಣ್ಣ?"

"ಹಳದಿ. ನಿಮ್ಮಮ್ಮನ್ನೇ ಕೇಳೇ, ಇಲ್ಲೇ ಇದ್ದಾಳೆ."

"ನನಗೆ ಅವರ ಜೊತೆ ಮಾತಿಲ್ಲ. ಔಷಧಿ ತಗೊಂಡರಾ ಅಂತ ಕೇಳು."

"ತಗೊಂಡೆ ಅಂತ ಹೇಳಿ," ಅಂದೆ ನಾನು.

"ತಗೊಂಡಳಂತೆ."

"ಕೇಳಿಸ್ತು," ಅಂದಳು ಅವಳು, ಫೋನಿಟ್ಟಳು.

ನನ್ನನ್ನು 'ಅವರು' ಅಂದದ್ದು ಮಾತ್ರ ಪಕ್ಕೆಯ ಗಂಟಿಗಿಂತ ಜಾಸ್ತಿ ನೋಯಿಸಿತು. ನೋಯಲಿ ಅಂತ ಬಟಾಣಿ ಸುಲಿಯುತ್ತ ಕೂತೆ. ಅವಳು ಹದಿಮೂರು ವರ್ಷದವಳಾಗಿದ್ದಾಗ ನಾನು ಅವಳ ಕೂದಲು ಕತ್ತರಿಸಿದ್ದಕ್ಕೆ ಮೂರು ವಾರ ಮಾತು ಬಿಟ್ಟಿದ್ದಳು. ಆಗಲೂ ನಾನು ಕಾದಿದ್ದೆ. ಕಾಯುವುದರಲ್ಲಿ ನನ್ನ ಕೈ ಪಳಗಿದೆ.

ಹನ್ನೆರಡನೇ ದಿನ ಮಧ್ಯಾಹ್ನ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ಒಂದು ಲಕೋಟೆಯನ್ನು ಮೇಜಿನ ಮೇಲೆ ಎಸೆದಳು. ಆಸ್ಪತ್ರೆಯಿಂದ ಕರೆ. ಸೋಮವಾರ ಹತ್ತು ಗಂಟೆಗೆ ಉಸಿರಿನ ಪರೀಕ್ಷೆ, ಬುಧವಾರ ಸ್ಕ್ಯಾನ್.

"ಡಿಪೋ ಮ್ಯಾನೇಜರಿಗೆ ನಾನೇ ಹೇಳಿದೆ. ಬೋರ್ಡಿನಲ್ಲಿ ನೋಡಿ ಗುಸುಗುಸು ಮಾಡೋದು ಬೇಡ ಅಂತ. ಉಸಿರಿನ ಪರೀಕ್ಷೆಯ ಚೀಟಿ ತಂದುಕೊಡು, ಸರಿಯಿದ್ದರೆ ಓಡಿಸು, ಪ್ರತಿವರ್ಷ ತಾ, ಅಂದರು. ಸರಿಯಿಲ್ಲದಿದ್ದರೆ..." ನಿಲ್ಲಿಸಿದಳು. "ಸಿಟ್ಟೇನೂ ಇಳಿದಿಲ್ಲ."

"ಇಳಿಸಬೇಡ. ಊಟ ಮಾಡಿ ಹೋಗು."

"ಬೇಡ," ಅಂದಳು. ಕೂತು ಎರಡು ತಟ್ಟೆ ಉಂಡು ಹೋದಳು.

ಸೋಮವಾರ ನಾನೂ ಹೋದೆ. ಅವಳು ಬರಬೇಡ ಅಂದಿದ್ದಳು. ನಾನು ಬೇರೆ ಬಸ್ಸು ಹಿಡಿದು ಹೋದೆ. ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಎರಡು ತುದಿಯಲ್ಲಿ ಇಬ್ಬರೂ ಕೂತಿದ್ದೆವು, ಪರಿಚಯವಿಲ್ಲದವರ ಹಾಗೆ. ಕರೆದಾಗ ಎದ್ದು ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಪರೀಕ್ಷೆ ಮಾಡುವವನದು ಮೈಕಿನಂಥ ಗಂಟಲು.

"ಪೂರ್ತಿ ಎಳ್ಕೊಳ್ಳಿ... ಈಗ ಊದಿ! ಜೋರಾಗಿ! ಊದಿ ಊದಿ ಊದಿ, ಬಿಡಬೇಡಿ, ಇನ್ನೂ... ಯಾಕೆ ನಿಲ್ಲಿಸಿದ್ರಿ ಮೇಡಂ?"

"ಆಗ್ತಿಲ್ಲ."

"ಆಗುತ್ತೆ. ಅರ್ಧಕ್ಕೇ ಬಿಟ್ಟರೆ ಮಷೀನು ತಗೊಳ್ಳಲ್ಲ. ಇನ್ನೊಂದು ಸಲ."

ಎರಡನೇ ಸಲವೂ ಅರ್ಧಕ್ಕೇ ನಿಂತಿತು. ನನಗೆ ಗೊತ್ತಾಯಿತು. ಅವಳಿಗೆ ಆಗದೆ ಅಲ್ಲ. ಕೊನೆಯವರೆಗೆ ಊದಿದರೆ ತಳ ಎಲ್ಲಿದೆ ಅಂತ ಕಂಡುಬಿಡುತ್ತದೆ, ಅದಕ್ಕೆ ಹೆದರಿದ್ದಾಳೆ. ಐದು ವರ್ಷದ ಕೂಸಾಗಿದ್ದಾಗಿನಿಂದ ನೋಡಿದ್ದೇನೆ, ಹೆದರಿದಾಗ ಅವಳು ಅರ್ಧಕ್ಕೆ ಬಿಡುತ್ತಾಳೆ.

ಎದ್ದು ಬಾಗಿಲು ತಳ್ಳಿದೆ. ಮೂಗಿಗೆ ನೀಲಿ ಕ್ಲಿಪ್ಪು ಸಿಕ್ಕಿಸಿಕೊಂಡು, ಕೈಯಲ್ಲಿ ಬಿಳಿ ನಳಿಕೆ ಹಿಡಿದು ಕೂತಿದ್ದಳು. ಎದುರಿಗೆ ಪರದೆಯ ಮೇಲೆ ಗುಡ್ಡದಂಥ ಎರಡು ಗೆರೆ, ಎರಡೂ ನಡುವೆ ಕಡಿದುಹೋಗಿದ್ದವು.

"ಅಮ್ಮ, ಒಳಗೆ ಬರೋ ಹಾಗಿಲ್ಲ," ಅಂದ ಅವನು.

"ಊದೇ," ಅಂದೆ ಅವಳಿಗೆ.

"ನೀನು ಹೊರಗೆ ಹೋಗು." ಮೂಗು ಮುಚ್ಚಿದ್ದರಿಂದ ದನಿ ಬಾತುಕೋಳಿಯ ಹಾಗೆ ಬಂತು. ಪರೀಕ್ಷೆಯವನು ತುಟಿ ಕಚ್ಚಿದ.

"ಹೋಗಲ್ಲ. ಬಸ್ಸಿಗೆ ಅಡ್ಡ ಬಂದವರನ್ನು... ಬೈತೀಯಲ್ಲ. ಆ ಗಾಳಿ ಎಲ್ಲಿ? ನನಗೆ ಬೈಯೋಕೆ... ಹನ್ನೊಂದು ದಿನ ಕೂಡಿಟ್ಟಿದ್ದೀಯಲ್ಲ. ಅದರೊಳಗೆ ಬೈಯಿ. ಊದು!"

ಅವಳ ಕಣ್ಣು ಕಿಡಿಯಾಯಿತು. ನನ್ನ ಕಡೆ ಪೂರ್ತಿ ತಿರುಗಿ ಕೂತಳು. ಭುಜ ಮೇಲೆದ್ದವು, ಎದೆ ಉಬ್ಬಿತು, ಸಮವಸ್ತ್ರದ ಗುಂಡಿಗಳು ಬಿಗಿದವು. ಊದಿದಳು. ಗೆರೆ ಚಿಮ್ಮಿ ಏರಿತು. "ಊದಿ ಊದಿ ಊದಿ!" ಅಂತ ಅವನು, "ಊದು!" ಅಂತ ನಾನು. ನನ್ನ ಉಸಿರು ಎರಡನೇ ಕೂಗಿಗೇ ಮುಗಿಯಿತು. ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಂತೆ, ಪಕ್ಕೆ ಉರಿಯುತ್ತಿತ್ತು, ದನಿ ಹೊರಡದ್ದಕ್ಕೆ ಕೈಯಿಂದ ತೊಡೆ ಬಡಿದೆ. ಅವಳು ನಿಲ್ಲಿಸಲಿಲ್ಲ. ನಾಲ್ಕು ಸೆಕೆಂಡು, ಐದು, ಆರು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ನನ್ನಿಂದ ಕಣ್ಣು ತೆಗೆಯಲಿಲ್ಲ. ಏಳು. ಎಂಟು.

"ಸಾಕು, ಸಾಕು ಮೇಡಂ! ಬಂತು!" ಅವನು ಕೈ ಎತ್ತಿದ.

ಅವಳಿಗೆ ಅವನ ಮಾತು ಕೇಳಿಸಲಿಲ್ಲ. ಇನ್ನೂ ಊದುತ್ತಲೇ ಇದ್ದಳು.